ಉದ್ಯೋಗವನ್ನು ಬದಲಿಸುವ ಮುನ್ನ



ಕಳೆದ ಬೇಸಿಗೆಯ ರಜೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ನಮ್ಮನ್ನು ಕಾಣಲು ಬಂದಳು. ಏಳು ವರ್ಷಗಳಿಂದ ಸಹಾಯಕ ಸರಕಾರಿ ಅಭಿಯೋಜಕಿಯಾಗಿ ಮ್ಯಾಜಿಸ್ಟ್ರೇಟರ ನ್ಯಾಯಾಲಯದಲ್ಲಿ ಸರಕಾರದ ಪರವಾಗಿ ವಾದಿಸುತ್ತಿದ್ದವಳು. ಅವಳ ಕೈಯಲ್ಲಿ ಎರಡು ಕಾಗದಗಳಿದ್ದವು. ಒಂದು ಬೆಂಗಳೂರಿನ ದೊಡ್ಡ ವಕೀಲಸಂಸ್ಥೆಯದು. ಅದರಲ್ಲಿ ಕಾಣಿಸಿದ್ದ ಮೊತ್ತವು ಅವಳ ಆಗಿನ ಸಂಬಳದ ಎರಡರಷ್ಟಾಗಿದ್ದಿತು. ಮತ್ತೊಂದು ಅವಳ ಜಿಲ್ಲೆಯಲ್ಲಿಯೇ ನಾಲ್ವರು ವಕೀಲರು ಕೂಡಿ ನಡಿಸುವ ಚಿಕ್ಕ ಸಂಸ್ಥೆಯದು. ಅದರ ಮೊತ್ತವು ಸಂಬಳಕ್ಕಿಂತ ತುಸುವೇ ಹೆಚ್ಚು. ವಿಧವೆಯಾದ ತಾಯಿಯೂ ಓದುತ್ತಿರುವ ತಮ್ಮನೂ ಅವಳನ್ನೇ ನೆಮ್ಮಿದ್ದರು. “ಟೀಚರ್, ಯಾವುದಕ್ಕೆ ಒಪ್ಪಲಿ?” ಎಂದಳು.

“ಯಾವುದಕ್ಕೂ ಬೇಡ” ಎಂಬ ಮಾತು ನಮ್ಮ ನಾಲಗೆಯ ತುದಿಗೆ ಬಂದಿದ್ದಿತು. ಅದಕ್ಕೆ ಕಾರಣವುಂಟು. ಇಪ್ಪತ್ತು ವರ್ಷಗಳ ಹಿಂದೆ ನಾವು ಸರಕಾರಿ ಶಾಲೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟು ಒಂದು ಖಾಸಗಿ ವಿದ್ಯಾಸಂಸ್ಥೆಗೆ ಹೋದೆವು. ಹೆಚ್ಚಿನ ಸಂಬಳದ ಮಾತನ್ನು ನಂಬಿದೆವೇ ಹೊರತು ಬರವಣಿಗೆಯಲ್ಲಿ ಏನನ್ನೂ ಕೇಳಲಿಲ್ಲ. ರಾಜೀನಾಮೆಯಿಂದ ಹಿಂದಿನ ಸೇವೆಯು ಪಿಂಚಣಿಯ ಲೆಕ್ಕದಿಂದ ಅಳಿಸಿಹೋಗುವುದೆಂಬುದನ್ನು ವಿಚಾರಿಸಲೂ ಇಲ್ಲ. ಮಾತುಕೊಟ್ಟ ಸಂಬಳವು ಮೂರು ತಿಂಗಳು ಬಂದು ನಿಂತಿತು. ತಂದೆಯವರ ಔಷಧಕ್ಕಾಗಿ ಸಾಲಮಾಡಿದ ಆ ವರುಷವನ್ನು ನಾವು ಮರೆತಿಲ್ಲ.

ಆದರೆ ನಮ್ಮ ಭಯವನ್ನು ಅವಳ ತಕ್ಕಡಿಯಲ್ಲಿ ಇಡುವುದು ನ್ಯಾಯವಲ್ಲವೆಂದು ತೋಚಿ, ಕಾಗದಗಳನ್ನು ಮೇಜಿನ ಮೇಲೆ ಹರಡಿ ಇಬ್ಬರೂ ಓದತೊಡಗಿದೆವು.

ಬಾರ್ ಕೌನ್ಸಿಲಿನ ನಿಯಮದಂತೆ ವಕೀಲವೃತ್ತಿ ನಡಿಸುವವರು ಯಾವ ಸಂಸ್ಥೆಯಲ್ಲಿಯೂ ಪೂರ್ಣಾವಧಿಯ ಸಂಬಳದ ನೌಕರರಾಗಿರಕೂಡದು. ಆದಕಾರಣ ವಕೀಲಸಂಸ್ಥೆಗಳು ಕೊಡುವುದು ಬಹುಮಟ್ಟಿಗೆ ಸಂಬಳವಲ್ಲ, ವೃತ್ತಿಶುಲ್ಕ. ಭವಿಷ್ಯನಿಧಿ, ಗ್ರಾಚ್ಯುಯಿಟಿ, ಹೆರಿಗೆಯ ರಜೆ ಇವೆಲ್ಲ ತಾವಾಗಿ ಬರುವುದಿಲ್ಲ. ಬೇಕಾದರೆ ಕೇಳಿ ಬರೆಯಿಸಿಕೊಳ್ಳಬೇಕು. 2006ರ ಏಪ್ರಿಲ್ 1ರ ತರುವಾಯ ರಾಜ್ಯದ ಸೇವೆಗೆ ಸೇರಿದವಳಾದ್ದರಿಂದ ಅವಳು ಹೊಸ ಪಿಂಚಣಿ ಯೋಜನೆಗೆ ಒಳಪಟ್ಟವಳು. ಅವಳ ಹೆಸರಿನಲ್ಲಿ ಕೂಡಿದ ಹಣವು ಉಳಿಯುವುದು, ಸರಕಾರವು ತಿಂಗಳು ತಿಂಗಳು ಸೇರಿಸುವ ಪಾಲು ನಿಲ್ಲುವುದು. ಇವನ್ನೂ ಬೆಂಗಳೂರಿನ ಮನೆಬಾಡಿಗೆ, ತಾಯಿಯ ಔಷಧದ ವೆಚ್ಚಗಳನ್ನೂ ಕಳೆಯಲಾಗಿ ಎರಡರಷ್ಟೆಂಬುದು ಬಹಳ ಕುಗ್ಗಿತು. ಸರಕಾರದ ಪರವಾಗಿ ತಾನು ನಡಿಸಿದ ಮೊಕದ್ದಮೆಗಳಲ್ಲಿ ಎದುರು ಪಕ್ಷಕ್ಕೆ ನಿಲ್ಲಕೂಡದೆಂಬುದನ್ನು ಇಬ್ಬರಿಗೂ ಮೊದಲೇ ತಿಳಿಸಬೇಕೆಂದು ಅವಳೇ ಜ್ಞಾಪಿಸಿದಳು.

ಆಗ ನಮಗೆ ಕಾರ್ನೀಲಿಯಾ ಸೊರಾಬ್ಜಿಯವರ ನೆನಪಾಯಿತು. 1904ರಲ್ಲಿ ಬಂಗಾಳದ ಕೋರ್ಟ್ ಆಫ್ ವಾರ್ಡ್ಸಿನಲ್ಲಿ ಸರಕಾರಿ ಹುದ್ದೆಯನ್ನು ಪಡೆದು, ಪರದೆಯ ಮರೆಯ ಸ್ತ್ರೀಯರ ಆಸ್ತಿಯ ಹಕ್ಕಿಗಾಗಿ ಬಹುಕಾಲ ದುಡಿದರು. 1923ರ ಶಾಸನವು ಭಾರತದಲ್ಲಿ ಸ್ತ್ರೀಯರಿಗೆ ವಕೀಲವೃತ್ತಿಯ ಬಾಗಿಲನ್ನು ತೆರೆಯಿತು; ಮರುವರುಷ ಅವರು ಕಲ್ಕತ್ತೆಯಲ್ಲಿ ವೃತ್ತಿಗಿಳಿದರು. ಬಾಗಿಲು ತೆರೆದರೂ ಸ್ತ್ರೀಯೆಂಬ ತಾತ್ಸಾರದಿಂದ ಅವರ ಪಾಲಿಗೆ ಬಂದದ್ದು ವಾದವಲ್ಲ, ಬಹುತೇಕ ಅಭಿಪ್ರಾಯಗಳನ್ನು ಬರೆದುಕೊಡುವ ಕೆಲಸ. ಈ ಸಂಗತಿಯನ್ನು ಕೇಳಿದವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನು ಕೋರ್ಟಿನಲ್ಲಿ ನಿಲ್ಲುವೆನೋ ಇಲ್ಲವೋ ಎಂದು ಇಬ್ಬರನ್ನೂ ಕೇಳಲೇ ಇಲ್ಲ, ಟೀಚರ್” ಎಂದಳು.

ಆ ವಾರವೇ ಕೇಳಿ ಬರೆದಳು. ಮೊದಲ ಎರಡು ವರುಷ ದಸ್ತಾವೇಜುಗಳ ಪರಿಶೀಲನೆಯೇ ಕೆಲಸವೆಂದು ದೊಡ್ಡ ಸಂಸ್ಥೆಯವರು ಮರೆಮಾಚದೆ ಉತ್ತರಿಸಿದರು. ಚಿಕ್ಕ ಸಂಸ್ಥೆಯವರು, ಸೇರಿದ ತಿಂಗಳಿನಿಂದಲೇ ವಿಚಾರಣೆಗಳನ್ನು ಒಪ್ಪಿಸುವೆವೆಂದೂ ತಾಯಿಯವರ ಆರೋಗ್ಯವಿಮೆಯ ಕಂತನ್ನು ತಾವೇ ಕಟ್ಟುವೆವೆಂದೂ ಸಹಿಮಾಡಿ ಬರೆದುಕೊಟ್ಟರು. ಅವಳು ಅಲ್ಲಿಗೆ ಸೇರಿದಳು. ಹಣ ಈಗಲೂ ಬಿಗಿಯಾಗಿಯೇ ಇದೆಯಂತೆ. ಆದರೂ ಮೊನ್ನೆ ಬಂದ ಪತ್ರದಲ್ಲಿ ಒಂದು ಪುಟದ ತುಂಬ ತಾನು ಮಾಡಿದ ಪಾಟೀಸವಾಲಿನ ಸಮಾಚಾರವನ್ನೇ ಬರೆದಿದ್ದಾಳೆ.

ನಿಮ್ಮ ಮಗಳು ಇಂಥ ಕಾಗದವನ್ನು ಹಿಡಿದು ಬಂದಾಗ, ಎಷ್ಟು ಕೊಡುವರೆಂಬುದರ ಜೊತೆಗೆ ಏನು ಕೆಲಸ ಕೊಡುವರೆಂಬುದನ್ನೂ ಕೇಳಿರಿ. ಉತ್ತರವನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಿರಿ ಎಂಬುದು ನಮ್ಮ ಅರಿಕೆ.