ಶೀಘ್ರದಲ್ಲೇ ಬರಲಿದೆ

ಊರಿನವರಿಗೆಲ್ಲ ಚಂದದ ವೆಬ್‌ಸೈಟು ಮಾಡಿಕೊಡುವ ಡಿಸೈನರುಗಳ ಸ್ವಂತ ವೆಬ್‌ಸೈಟನ್ನು ಎಂದಾದರೂ ತೆರೆದು ನೋಡಿದ್ದೀರಾ? ಅನೇಕ ಕಡೆ ಕಾಣುವುದು ಒಂದು ಬಿಳಿ ಪುಟ. ಅದರ ನಟ್ಟನಡುವೆ, ಬಹಳ ನಾಜೂಕಾದ ಸಣ್ಣ ಅಕ್ಷರದಲ್ಲಿ, ‘ಶೀಘ್ರದಲ್ಲೇ ಬರಲಿದೆ’. ಸಿನಿಮಾದವರು ಇದೇ ಮಾತು ಹೇಳಿ ಯುಗಾದಿ, ವರಮಹಾಲಕ್ಷ್ಮಿ ದಾಟಿಸಿ ದಸರಾಕ್ಕಾದರೂ ಬಿಡುಗಡೆ ಮಾಡುತ್ತಾರೆ. ಇವರದು ಯಾವ ಹಬ್ಬಕ್ಕೂ ಇಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂದರೆ ಇದೇ ಇರಬೇಕು.

ನನ್ನ ಅಕ್ಕನ ಮಗನೂ ಈ ಪಂಗಡದವನೇ. ಪುಸ್ತಕಗಳಿಗೆ ಮುಖಪುಟ ಮಾಡುತ್ತಾನೆ. ಗಾಣದೆಣ್ಣೆ, ಆಲೆಮನೆ ಬೆಲ್ಲ, ಕಾಫಿಪುಡಿ ಇಂಥವಕ್ಕೆ ಲೇಬಲ್ಲು, ಲೋಗೊ ಮಾಡುತ್ತಾನೆ. ಎಣ್ಣೆಯವರು ಸೋಮವಾರ ಕೇಳಿದರೆ ಗುರುವಾರಕ್ಕೆ ತಯಾರು. ತನ್ನ ಹೆಸರಿನ ಲೋಗೊ ಮಾತ್ರ ಯಾವಾಗ ಕೇಳಿದರೂ ‘ಇನ್ನೂ ಒಂಚೂರು ನೋಡ್ತಾ ಇದೀನಿ ಮಾಮ’. ಕಾರಣ ಗುಟ್ಟಿನದೇನಲ್ಲ. ಇಲ್ಲಿ ಗಿರಾಕಿಯೂ ಅವನೇ. ಅಡ್ವಾನ್ಸ್ ಕೊಟ್ಟವರಿಲ್ಲ, ಬೆಳಗಾಗೆದ್ದು ಫೋನ್ ಮಾಡಿ ರೇಗುವವರಿಲ್ಲ, ‘ಪ್ಲೇಟ್ ಹಾಕ್ಬೇಕು, ಸಾಕು ಕಳಿಸಪ್ಪ’ ಎನ್ನುವ ಪ್ರೆಸ್ಸಿನವರೂ ಇಲ್ಲ. ದುಡ್ಡು ಕೊಡದೆ, ಗಡುವೂ ಹೇಳದೆ, ಯಾವುದನ್ನು ತೋರಿಸಿದರೂ ಮೂತಿ ತಿರುಗಿಸುವ ಗಿರಾಕಿ ಹೊರಗಿನವನಾಗಿದ್ದರೆ ಎಂದೋ ಕೈಮುಗಿದು ಸಾಗಹಾಕಬಹುದಿತ್ತು.

ಒಬ್ಬೊಬ್ಬ ಮನುಷ್ಯನೂ ಒಂದೊಂದು ಬ್ರ್ಯಾಂಡ್ ಆಗಬೇಕು ಎಂಬ ಉಪದೇಶ ಜೋರಾದದ್ದು 1997ರಲ್ಲಿ, ಟಾಮ್ ಪೀಟರ್ಸ್ ಎಂಬ ಅಮೆರಿಕನ್ ಮ್ಯಾನೇಜ್‌ಮೆಂಟ್ ಪಂಡಿತ ‘ಫಾಸ್ಟ್ ಕಂಪನಿ’ ಪತ್ರಿಕೆಯಲ್ಲಿ ಬರೆದ ಲೇಖನದಿಂದ. ಅಲ್ಲಿಂದೀಚೆಗೆ ಕೆಲಸ ಮಾಡುವುದು ಒಂದು ಕೆಲಸ, ಮಾಡುವವನು ತಾನು ಎಂದು ಸಾರುವುದು ಇನ್ನೊಂದು ಕೆಲಸ. ಹೆಸರಿನ ಹಂಬಲವೇನೂ ಅಮೆರಿಕದಿಂದ ಬಂದದ್ದಲ್ಲ ಬಿಡಿ. ನಮ್ಮ ಹೊಯ್ಸಳರ ಶಿಲ್ಪಿಗಳನ್ನೇ ನೋಡಿ. ಬೇರೆಡೆಯ ಬಹುಪಾಲು ಶಿಲ್ಪಿಗಳು ಕಡೆದಿಟ್ಟು ಹೆಸರಿಲ್ಲದೆ ಹೊರಟುಹೋದರೆ ಇವರು ವಿಗ್ರಹದ ಪೀಠದಲ್ಲಿ ಸಹಿ ಹಾಕಿದರು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಸಹಿ ಮಾಡಿದ್ದಾರೆ. ಎದುರಾಳಿ ರೂವಾರಿಗಳ ಸೊಕ್ಕು ಮುರಿದವರು ಎನ್ನುವ ಧಾಟಿಯ ಬಿರುದುಗಳೂ ಅಂಥ ಸಹಿಗಳ ಜೊತೆಗಿವೆ. ಇವತ್ತಿನ ಡಿಸೈನರು ತನ್ನ ಹೆಸರಿನ ಕೆಳಗೆ ‘ಪ್ರಶಸ್ತಿ ವಿಜೇತ’ ಎಂದು ಹಾಕಿಕೊಂಡರೆ ನಗುವವರು ಒಮ್ಮೆ ಬೇಲೂರಿಗೆ ಹೋಗಿ ಬರಬೇಕು.

ಅವರಲ್ಲೆಲ್ಲ ನನಗೆ ಪ್ರೀತಿ ಸೋಮನಾಥಪುರದ ಮಲ್ಲಿತಮ್ಮನ ಮೇಲೆ. ಒಮ್ಮೊಮ್ಮೆ ಪೂರ್ತಿ ಹೆಸರು, ಒಮ್ಮೊಮ್ಮೆ ‘ಮಲ್ಲಿ’, ಇನ್ನೂ ಒಮ್ಮೊಮ್ಮೆ ಬರೀ ‘ಮ’. ಹದಿಮೂರನೆಯ ಶತಮಾನದಲ್ಲೇ ಒಂದಕ್ಷರದ ಲೋಗೊ! ಈ ಸಂಗತಿಯನ್ನು ನಮ್ಮ ಹುಡುಗನಿಗೆ ಹೇಳಿದೆ. ‘ಸೂಪರ್ ಮಾಮ, ಮಿನಿಮಲ್ ಆಗಿದೆ’ ಎಂದ. ಆಮೇಲೆ ತನ್ನ ಹೆಸರಿನ ಮೊದಲಕ್ಷರದ ತಲೆಕಟ್ಟು ಎಷ್ಟು ಡಿಗ್ರಿ ಬಾಗಬೇಕು ಎಂದು ಯೋಚಿಸುತ್ತ ಮತ್ತಷ್ಟು ವಾರ ಕಳೆದ. ಮಲ್ಲಿತಮ್ಮ ಮೊದಲು ಮೂರ್ತಿ ಮುಗಿಸಿ ಆಮೇಲೆ ‘ಮ’ ಕೆತ್ತಿದ ಎಂಬುದನ್ನು ಅವನಿಗೆ ಬಿಡಿಸಿ ಹೇಳಲು ನನಗೆ ಬಾಯಿ ಬರಲಿಲ್ಲ.

ಲೋಗೊ ಅತ್ತ ಇರಲಿ, ವಿಳಾಸ ಬೇಡವೇ? ಹೆಸರಿನ ಡಾಟ್ ಕಾಮ್ ಯಾರೋ ಎಂದೋ ಕೊಂಡುಬಿಟ್ಟಿದ್ದಾರೆ. ಡಾಟ್ ಇನ್ ಇದೆ, ಆದರೆ ಯಾವ ಸ್ಪೆಲಿಂಗಿನಲ್ಲಿ? ನಮ್ಮ ಹೆಸರುಗಳಿಗೆ ಇಂಗ್ಲಿಷಿನಲ್ಲಿ ಒಂದು ನೆಲೆ ಎಂಬುದಿಲ್ಲ. ಲಕ್ಷ್ಮಿಯೊಬ್ಬಳು ಕೆ-ಎಸ್-ಎಚ್ ಹಾಕಿದರೆ ಇನ್ನೊಬ್ಬಳು ಎಕ್ಸ್ ಹಾಕುತ್ತಾಳೆ. ಗೌಡರಲ್ಲಿ ಡಬ್ಲ್ಯೂ ಗೌಡರು, ಯು ಗೌಡರು ಎಂದು ಎರಡು ಕವಲು. ಸಂಖ್ಯಾಶಾಸ್ತ್ರದವರ ಮಾತು ಕೇಳಿ ನಡುವೆ ಒಂದು ಎ ತುರುಕಿಸಿಕೊಂಡವರು ಬೇರೆ. ಫೋನಿನಲ್ಲಿ ವಿಳಾಸ ಹೇಳುವಾಗ ‘ಎಸ್ ಆದ್ಮೇಲೆ ಎಚ್ ಇಲ್ಲ ಸರ್, ಕೊನೇಲಿ ಎರಡು ಎ’ ಎಂದು ಹೇಳಬೇಕಾಗಿ ಬಂದರೆ ಬಂದ ಗಿರಾಕಿ ಅರ್ಧ ಹೋದಂತೆಯೇ. ಕನ್ನಡ ಲಿಪಿಯಲ್ಲೇ ‘.ಭಾರತ’ ಎಂದು ಮುಗಿಯುವ ವಿಳಾಸವೂ ಈಗ ಇದೆ. ಕೇಳಲು ಬಹಳ ಹಿತ. ಒಳಗೊಳಗೆ ಯಂತ್ರಗಳು ಅದನ್ನು ‘ಎಕ್ಸ್‌ಎನ್’ ಎಂದು ಶುರುವಾಗುವ ರೋಮನ್ ಅಕ್ಷರಗಳ ಗೋಜಲಾಗಿ ಮಾಡಿಕೊಂಡು ಓದುತ್ತವೆ. ಆ ಗೋಜಲು ಒಮ್ಮೊಮ್ಮೆ ಹೊರಗೂ ಇಣುಕುತ್ತದೆ. ಮನೆಯ ಬಾಗಿಲಿಗೆ ಕನ್ನಡದ ವಿಳಾಸ ಹಾಕಿಕೋ, ಇಂಗ್ಲಿಷಿನದನ್ನೂ ಇಟ್ಟುಕೋ ಎಂದೆ.

ಈ ಹೆಸರಿನ ಫಜೀತಿಯನ್ನು ಹುಟ್ಟುವ ಮೊದಲೇ ಚಿವುಟಿದವನು ಪಾಲ್ ರ್‍ಯಾಂಡ್. ಐಬಿಎಂ ಲೋಗೊ ಮಾಡಿದವನು. ಬ್ರೂಕ್ಲಿನ್‌ನ ಯಹೂದಿ ಮನೆತನದಲ್ಲಿ ಹುಟ್ಟಿದಾಗ ಅವನ ಹೆಸರು ಪೆರೆಟ್ಸ್ ರೋಸೆನ್‌ಬಾಮ್. ಕೆಲಸ ಹುಡುಕುವ ಹೊತ್ತಿಗೆ ಅದನ್ನು ಇಂಗ್ಲಿಷಿನ ನಾಲ್ಕಕ್ಷರ, ನಾಲ್ಕಕ್ಷರಕ್ಕೆ ಕತ್ತರಿಸಿದ. ಅವನು ಮಾಡಿದ ಮೊದಲ ಬ್ರ್ಯಾಂಡು ಅದೇ ಎನ್ನುವವರಿದ್ದಾರೆ. ಅಂತರ್ಜಾಲ ಹರಡಿಕೊಳ್ಳುವ ಹೊತ್ತಿಗೆ, 1996ರಲ್ಲಿ, ತೀರಿಕೊಂಡ. ಹೀಗಾಗಿ ಡಿಸೈನರುಗಳ ಆ ಕುಲಗುರುವಿಗೆ ‘ನನ್ನ ಬಗ್ಗೆ’ ಎಂಬ ಪುಟ ಬರೆಯುವ ಶಿಕ್ಷೆ ತಪ್ಪಿತು.

ಶಿಕ್ಷೆ ಎಂದದ್ದು ಸುಮ್ಮನೆ ಅಲ್ಲ. ನಮ್ಮ ಹುಡುಗ ಬರೆದ ಮೊದಲ ಕರಡನ್ನು ಓದಿದೆ. ಅವನು ‘ದೃಶ್ಯ ಕಥೆಗಾರ’ನಂತೆ. ‘ಮಾನವ ಕೇಂದ್ರಿತ ಅನುಭವಗಳ’ ಬಗ್ಗೆ ‘ತೀವ್ರ ಒಲವು’ ಉಳ್ಳವನಂತೆ. ಪೂರ್ತಿ ‘ಅವರು’ ಎಂಬ ಪ್ರಥಮ ಪುರುಷದಲ್ಲಿ, ಯಾರೋ ಸನ್ಮಾನ ಪತ್ರ ಓದುತ್ತಿರುವ ಹಾಗೆ. ಬೆಲ್ಲದ ಲೇಬಲ್ಲು ಮಾಡುತ್ತಾನೆ ಎಂಬ ಒಂದು ಸಂಗತಿ ಮಾತ್ರ ಎಲ್ಲೂ ಇರಲಿಲ್ಲ. ‘ಏನಪ್ಪ, ನೀನು ಮಾಡೋದೇನು ಅಂತ ಇದರಲ್ಲಿ ಎಲ್ಲಿದೆ?’ ಎಂದರೆ ‘ಅದು ವೈಬ್‌ನಲ್ಲಿ ಗೊತ್ತಾಗುತ್ತೆ ಮಾಮ’ ಎಂದ.

ಆಗ ನನಗೆ ಪಂಪನ ನೆನಪಾಯಿತು. ನಗಬೇಡಿ. ಕನ್ನಡದಲ್ಲಿ ‘ನನ್ನ ಬಗ್ಗೆ’ ಪುಟವನ್ನು ಅವನಷ್ಟು ಚೊಕ್ಕವಾಗಿ ಬರೆದವರನ್ನು ನಾನು ಕಾಣೆ. ಹುಟ್ಟಿದ್ದು ದುಂದುಭಿ ಸಂವತ್ಸರ ಎನ್ನುತ್ತಾನೆ, ಅಂದರೆ 902. ಮನೆತನ ಹೇಳುತ್ತಾನೆ. ಫೋಟೋ ಇಲ್ಲದ ಕಾಲವಾದ್ದರಿಂದ ತನ್ನ ಮೈಬಣ್ಣ, ಗುಂಗುರು ಕೂದಲು, ಮೈಕಟ್ಟು, ಮಾತಿನ ರೀತಿ, ಉಡುಪು ಎಲ್ಲವನ್ನೂ ತಾನೇ ವರ್ಣಿಸುತ್ತಾನೆ. ಕೃತಿಗಳು ಯಾವುವು: ಆದಿಪುರಾಣ, ವಿಕ್ರಮಾರ್ಜುನ ವಿಜಯ. ಎಷ್ಟು ಕಾಲ ಹಿಡಿಯಿತು: ಒಂದಕ್ಕೆ ಮೂರು ತಿಂಗಳು, ಇನ್ನೊಂದಕ್ಕೆ ಆರು ತಿಂಗಳು. ಎರಡನೆಯದು ಯಾರಿಗಾಗಿ: ತನ್ನ ದೊರೆ ಅರಿಕೇಸರಿಗಾಗಿ. ಸಂಭಾವನೆ ಏನು ಸಿಕ್ಕಿತು: ಧರ್ಮಪುರದ ಅಗ್ರಹಾರ. ಇದಕ್ಕಿಂತ ಇನ್ನೇನು ಬೇಕು? ಇವತ್ತಿನ ವೆಬ್‌ಸೈಟುಗಳಲ್ಲಿ ‘ಗ್ರಾಹಕರ ಮಾತು’ ಎಂದು ಒಂದು ಮೂಲೆ ಇರುತ್ತದಲ್ಲ, ಅದೂ ಪಂಪನಿಗಿತ್ತು. ಈಗಿನ ತೆಲಂಗಾಣದ ಕುರ್ಕ್ಯಾಲದಲ್ಲಿ ಅವನ ತಮ್ಮ ಜಿನವಲ್ಲಭ ಬಂಡೆಯ ಮೇಲೆ ಶಾಸನ ಬರೆಸಿ ಅಪ್ಪ ಅಮ್ಮನ ಹೆಸರು, ಗೋತ್ರ, ಅಣ್ಣನ ಕೀರ್ತಿ, ಅವನಿಗೆ ದೊರೆತ ಅಗ್ರಹಾರ ಎಲ್ಲವನ್ನೂ ದಾಖಲಿಸಿದ. ಅದೂ ಕನ್ನಡ, ತೆಲುಗು, ಸಂಸ್ಕೃತ ಮೂರರಲ್ಲಿ. ಮನೆಯವರಿಂದಲೇ ಹೊಗಳಿಸಿಕೊಂಡದ್ದು ಎಂದು ನೀವು ಆಕ್ಷೇಪಿಸಬಹುದು. ಈಗಿನ ಐದು ನಕ್ಷತ್ರಗಳ ವಿಮರ್ಶೆಗಳನ್ನು ಬರೆಯುವವರು ಯಾರೆಂದುಕೊಂಡಿದ್ದೀರಿ?

ಇದನ್ನು ಕೇಳಿದ ಮೇಲೆ ಹುಡುಗ ಕಥೆಗಾರನ ಪದವಿ ಬಿಟ್ಟುಕೊಟ್ಟ. ‘ಕನ್ನಡ ಪುಸ್ತಕಗಳಿಗೆ ಮುಖಪುಟ, ತಿನ್ನುವ ಪದಾರ್ಥಗಳಿಗೆ ಲೇಬಲ್ಲು ಮಾಡುತ್ತೇನೆ’ ಎಂದು ಒಂದು ಸಾಲು ಬರೆದ. ಬರೆದು ‘ತುಂಬ ಸಿಂಪಲ್ ಆಯ್ತು’ ಎಂದು ಕೊರಗಿದ.

ನನಗೆ ನಿಜಕ್ಕೂ ಹೊಟ್ಟೆ ಉರಿದದ್ದು ಅಕ್ಷರದ ವಿಷಯದಲ್ಲಿ. ಇಂಗ್ಲಿಷ್ ಸಾಲುಗಳಿಗೆ ದುಡ್ಡು ಕೊಟ್ಟು ತರಿಸಿದ ಫಾಂಟು. ಕನ್ನಡಕ್ಕೆ ಏನನ್ನೂ ಗೊತ್ತುಮಾಡಿರಲಿಲ್ಲ. ನೋಡುವವರ ಫೋನಿನಲ್ಲಿ ಯಾವುದಿತ್ತೋ ಅದೇ ಬಂದು ಕೂರುತ್ತಿತ್ತು. ಸಾಲುಗಳ ನಡುವಿನ ಅಂತರವೂ ಇಂಗ್ಲಿಷಿನ ಅಳತೆಯದೇ. ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಬಾಲ ಇಳಿಬಿಡುವವು ಜಿ, ಜೆ, ಪಿ, ಕ್ಯೂ, ವೈ ಅಷ್ಟೆ. ನಮ್ಮಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು, ‘ರಾಷ್ಟ್ರ’ ‘ಸ್ತ್ರೀ’ ಎಂದರೆ ಒತ್ತಿನ ಜೊತೆಗೆ ಇನ್ನೊಂದು ಒತ್ತು. ಅವನ ಪುಟದಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನವರ ನೆತ್ತಿ ಕುಟ್ಟುತ್ತಿತ್ತು. ಇದು ಕನ್ನಡ ಮುಖಪುಟ ಮಾಡುವವನ ಪುಟ! ಈಗ ಫಾಂಟಿಗೆ ಬರವೂ ಇಲ್ಲ. ನೋಟೊ ಸೆರಿಫ್, ಬಲೂ ತಮ್ಮ, ಅನೇಕ್ ಕನ್ನಡ, ಹುಬ್ಬಳ್ಳಿ, ಎಲ್ಲವೂ ಪುಕ್ಕಟೆ, ಎಲ್ಲವೂ ಯೂನಿಕೋಡ್. ಒಂದನ್ನು ಆರಿಸಿ, ಸಾಲಿಗೆ ಉಸಿರಾಡುವಷ್ಟು ಜಾಗ ಬಿಟ್ಟರೆ ಕೆಲಸ ಮುಗಿಯಿತು. ದಪ್ಪಕ್ಷರ ಬೇಕಾದರೆ ದಪ್ಪಕ್ಷರವನ್ನೇ ತರಬೇಕು; ತೆಳುವಿನದನ್ನು ಬ್ರೌಸರೇ ಉಬ್ಬಿಸಿದರೆ ‘ಷ’ದ ಹೊಟ್ಟೆಯ ಗೆರೆ ಕಟ್ಟಿಹೋಗಿ ‘ಪ’ ಯಾವುದು ‘ಷ’ ಯಾವುದು ತಿಳಿಯುವುದಿಲ್ಲ.

ಇದರ ಇನ್ನೊಂದು ಮಗ್ಗುಲು ಇನ್ನೂ ಕೆಟ್ಟದ್ದು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿತು. ಆದರೂ ನಮ್ಮ ಪುಸ್ತಕಲೋಕದ ಎಷ್ಟೋ ಮೇಜುಗಳ ಮೇಲೆ ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟುಗಳದೇ ರಾಜ್ಯ. ಪ್ರೆಸ್ಸಿಗೆ ಅದು ಸರಿ. ಅದನ್ನೇ ನಕಲು ತೆಗೆದು ಅಂತರ್ಜಾಲಕ್ಕೆ ಅಂಟಿಸಿದರೆ ಟೋಪಿ ಹಾಕಿಕೊಂಡ ಎ, ಚುಕ್ಕಿ ಹೊತ್ತ ಯು, ಪೌಂಡಿನ ಗುರುತು. ಇದಕ್ಕೆ ಹೆದರಿದವರು ಎಲ್ಲವನ್ನೂ ಚಿತ್ರ ಮಾಡಿ ಹಾಕುತ್ತಾರೆ. ಚಿತ್ರದೊಳಗಿನ ಅಕ್ಷರವನ್ನು ಹುಡುಕಾಟಕ್ಕೆ ನೆಚ್ಚುವಂತಿಲ್ಲ. ಯಾರಾದರೂ ಒಂದು ಕಾದಂಬರಿಯ ಹೆಸರು ಹೊಡೆದು ‘ಮುಖಪುಟ ಯಾರದು’ ಎಂದು ಹುಡುಕಿದರೆ ನಮ್ಮ ಹುಡುಗ ಸಿಗಬೇಡವೇ? ಪ್ರತಿ ಮುಖಪುಟದ ಕೆಳಗೆ ಪುಸ್ತಕದ ಹೆಸರು, ಲೇಖಕರು, ಪ್ರಕಾಶಕರು, ವರ್ಷ, ಇಷ್ಟನ್ನು ಅಕ್ಷರದಲ್ಲೇ ಬರೆ ಎಂದು ಕೂರಿಸಿದೆ. ಗೊಣಗುತ್ತ ಬರೆದ. ಕಣ್ಣು ಕಾಣದವರು ಫೋನಿನಿಂದ ಓದಿಸಿಕೊಳ್ಳುವಾಗಲೂ ಅದೇ ನೆರವಾಗುತ್ತದೆ.

ಚಿತ್ರಗಳ ಮಾತು ಬಂತಲ್ಲ, ಅದರದೊಂದು ತಮಾಷೆ. ಅವನ ಮುಖಪುಟಗಳೆಲ್ಲ ಅಮೃತಶಿಲೆಯ ಮೇಜಿನ ಮೇಲೆ, ಪಕ್ಕದಲ್ಲಿ ಒಂದು ನೀಲಗಿರಿ ಟೊಂಗೆ, ಒಂದು ಪಿಂಗಾಣಿ ಬಟ್ಟಲು, ಓರೆಯಾಗಿ ಬಿದ್ದ ಬಿಸಿಲು. ಆ ಮೇಜು ಬೆಂಗಳೂರಿನಲ್ಲಿ ಎಲ್ಲೂ ಇಲ್ಲ. ಕಂಪ್ಯೂಟರಿನಲ್ಲಿ ಸಿದ್ಧವಾಗಿ ಸಿಗುವ ಮಾಕಪ್ಪು. ಪುಸ್ತಕವೂ ಅಲ್ಲಿ ಎರಡಿಂಚು ದಪ್ಪ. ಕೈಗೆ ಬಂದದ್ದು ತೊಂಬತ್ತಾರು ಪುಟದ ಕವನ ಸಂಕಲನ. ಅಚ್ಚಾದ ಪ್ರತಿಯನ್ನೇ ಕಿಟಕಿಯ ಬಳಿ ಹಿಡಿದು ತೆಗೆದ ಫೋಟೋ ಹಾಕು, ಬೆನ್ನಿನ ಮೇಲಿನ ಅಕ್ಷರ ಕಾಣುವ ಹಾಗೆ ಹಾಕು ಎಂಬುದು ನನ್ನ ವಾದ. ಈ ವಾದದಲ್ಲಿ ಸೋತೆ. ಬಟ್ಟಲು ಮಾತ್ರ ತೆಗೆಸಿದೆ.

ಒಳಗೆ ಹೋಗುವ ಮುಂಚೆ ಅವನ ಹೆಸರು ಚೂರುಚೂರಾಗಿ ಹಾರಿ ಮತ್ತೆ ಕೂಡಿಕೊಳ್ಳುವ ಒಂದು ಆಟವೂ ಇತ್ತು. ಇಂಥ ಆಟಗಳನ್ನು ಕಟ್ಟುತ್ತಿದ್ದ ಫ್ಲ್ಯಾಶ್ ಎಂಬ ತಂತ್ರಾಂಶದ ಕಾಲದವರಿಗೆ ಇದು ನೆನಪಿರುತ್ತದೆ: ವೆಬ್‌ಸೈಟು ತೆರೆದರೆ ಸಂಗೀತ, ತಿರುಗುವ ಗೋಳ, ಮೂಲೆಯಲ್ಲಿ ‘ಸ್ಕಿಪ್ ಇಂಟ್ರೊ’. ಎಲ್ಲರೂ ಒತ್ತುತ್ತಿದ್ದದ್ದು ಆ ಮೂಲೆಯನ್ನೇ. 2007ರ ಐಫೋನು ಫ್ಲ್ಯಾಶನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. 2020ರ ಡಿಸೆಂಬರ್ 31ಕ್ಕೆ ಅದರ ಒಡೆಯರಾದ ಅಡೋಬಿಯವರೇ ಅದಕ್ಕೆ ಎಳ್ಳುನೀರು ಬಿಟ್ಟರು. ಅದನ್ನೇ ನೆಚ್ಚಿ ಕಟ್ಟಿದ್ದ ಡಿಸೈನರುಗಳ ತಾಣಗಳೂ ಅದರ ಜೊತೆಗೆ ಹೋದವು. ಹಾರುವ ಅಕ್ಷರಕ್ಕೆ ನಾನು ಕೊಟ್ಟ ಪರೀಕ್ಷೆ ಇಷ್ಟೆ: ಚಾಮರಾಜಪೇಟೆಯ ರಸ್ತೆಯ ಬಿಸಿಲಲ್ಲಿ ನಿಂತು, ಇನ್ನೊಂದು ಕೈಯಲ್ಲಿ ಸ್ಕೂಟರಿನ ಕೀಲಿ ಹಿಡಿದ ಪ್ರಕಾಶಕರೊಬ್ಬರು ಹಳೇ ಫೋನಿನಲ್ಲಿ ಇದನ್ನು ತೆರೆದರೆ ಏನಾಗುತ್ತದೆ? ಅವರಿಗೆ ಬೇಕಾದದ್ದು ನಾಲ್ಕು ಮುಖಪುಟ, ಒಂದು ಫೋನ್ ನಂಬರು, ಮತ್ತೆ ಎಷ್ಟಾಗುತ್ತದೆ ಎಂಬ ಅಂದಾಜು.

ಈ ಅಂದಾಜಿನ ಮೇಲೆ ನಮ್ಮಿಬ್ಬರಿಗೂ ದೊಡ್ಡ ಜಗಳವೇ ಆಯಿತು. ‘ರೇಟ್ ಹಾಕಿದ್ರೆ ಚೀಪ್ ಕಾಣುತ್ತೆ ಮಾಮ. ಬನ್ನಿ ಮಾತಾಡೋಣ ಅಂತ ಹಾಕ್ತೀನಿ.’ ಹಾಗೆಂದವನೇ ತನ್ನ ಪರವಾಗಿ ಮತ್ತೆ ಪಾಲ್ ರ್‍ಯಾಂಡನನ್ನು ಎಳೆದುತಂದ. ಸ್ಟೀವ್ ಜಾಬ್ಸ್ ನೆಕ್ಸ್ಟ್ ಕಂಪನಿಗೆ ಲೋಗೊ ಕೇಳಿಕೊಂಡು, ಒಂದೆರಡು ನಮೂನೆ ತೋರಿಸುತ್ತೀರಾ ಎಂದದ್ದಕ್ಕೆ, ಒಂದೇ ಮಾಡುತ್ತೇನೆ, ಬಳಸು ಬಿಡು, ದುಡ್ಡು ಮಾತ್ರ ಕೊಡಬೇಕು ಎಂದನಂತೆ ರ್‍ಯಾಂಡ್. ಇದನ್ನು ಜಾಬ್ಸ್ ತಾನೇ ಹೇಳಿಕೊಂಡಿದ್ದ. ಅದು 1986, ಮೊತ್ತ ಒಂದು ಲಕ್ಷ ಡಾಲರ್. ‘ನೋಡಪ್ಪ, ನಿನ್ನ ಗುರು ಮೊದಲು ದುಡ್ಡಿನ ಮಾತು ಮುಗಿಸಿ ಆಮೇಲೆ ಪೆನ್ಸಿಲ್ ಹಿಡಿದ’ ಎಂದೆ. ಪಂಪನೂ ಅಗ್ರಹಾರದ ಹೆಸರನ್ನು ಮುಚ್ಚಿಡಲಿಲ್ಲ ಎಂದು ಸೇರಿಸಿದೆ. ಹುಡುಗ ತಲೆ ಕೆರೆದುಕೊಂಡು ‘ಮುಖಪುಟಕ್ಕೆ ಆರು ಸಾವಿರದಿಂದ’ ಎಂದು ಹಾಕಿ, ಲೋಗೊದ ತಲೆಕಟ್ಟು ಇನ್ನೂ ಅರೆಬರೆ ಇರುವಾಗಲೇ ಪುಟವನ್ನು ಲೋಕಕ್ಕೆ ಬಿಟ್ಟ.

ಅದನ್ನು ಎಲ್ಲರಿಗಿಂತ ಮೊದಲು ಹಂಚಿದವಳು ನಮ್ಮಕ್ಕ. ಹಂಚಿದ್ದು ಪ್ರಕಾಶಕರಿಗಲ್ಲ, ವಧೂವರರ ವಾಟ್ಸಾಪ್ ಗುಂಪಿಗೆ. ‘ಎಲ್ಲಾ ಚೆನ್ನಾಗಿದೆ, ಗೋತ್ರ ಒಂದು ಹಾಕಿಲ್ವಲ್ಲೋ’ ಎಂದು ಮಗನನ್ನು ಬೈದಳಂತೆ. ಜಿನವಲ್ಲಭನ ಶಾಸನ ನೋಡಿದವರು ಅವಳ ಮಾತನ್ನು ತೆಗೆದುಹಾಕುವಂತಿಲ್ಲ. ಮೂರನೆಯ ದಿನಕ್ಕೆ ಹಾಸನದ ಕಡೆಯವರೊಬ್ಬರು ನನಗೇ ಫೋನ್ ಮಾಡಿದರು, ಸೋದರಮಾವ ಎಂದು ತಿಳಿದುಕೊಂಡು.

‘ಹುಡುಗನ ಪುಟ ನೋಡಿದ್ವಿ ಸ್ವಾಮಿ, ಮನೇಲಿ ಎಲ್ರಿಗೂ ಒಪ್ಪಿಗೆ ಆಯ್ತು. ಮುಖಪುಟಕ್ಕೆ ಆರು ಸಾವಿರದಿಂದ ಅಂತ ಬರೆದಿದ್ದಾರೆ. ತಿಂಗಳಿಗೆ ಎಷ್ಟು ಮುಖಪುಟ ಬರ್ತವೆ?’