ಬೇಲಿ ಹಾಕಿದ ಪದವು

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಪರಿಸರ ದಿನದಂದು ಶಾಲೆಯ ಹಿಂದಿನ ಪದವಿನಲ್ಲಿ ಮಕ್ಕಳಿಂದ ಅಕೇಶಿಯಾ ಸಸಿ ನೆಡಿಸಿದ್ದೆ. ಮುರಕಲ್ಲು, ಒಂದಿಷ್ಟು ಮುಳಿಹುಲ್ಲು ಬಿಟ್ಟರೆ ಅಲ್ಲಿ ಬೇರೇನಿದೆ ಎಂದು ನನ್ನ ಲೆಕ್ಕ. "ಬಂಜರು ಭೂಮಿ ಹಸಿರಾಗಲಿ" ಎಂದು ಬೋರ್ಡು ಬರೆದವನೂ ನಾನೇ. ಸುತ್ತ ಮುಳ್ಳಿನ ಬೇಲಿ ಹಾಕಿದೆವು. "ಮಾಷ್ಟ್ರೇ, ಇನ್ನು ದನ ಎಲ್ಲಿಗೆ ಬಿಡುವುದು?" ಎಂದು ಅಜ್ಜರೊಬ್ಬರು ಕೇಳಿದ್ದರು. ನಕ್ಕು ಸುಮ್ಮನಾಗಿದ್ದೆ.

ಈಚೆಗೆ ಚಿಟ್ಟೆಯ ಪಾಠಕ್ಕೆಂದು ಓದುವಾಗ ಇಂಗ್ಲೆಂಡಿನ ಲಾರ್ಜ್ ಬ್ಲೂ ಎಂಬ ನೀಲಿ ಚಿಟ್ಟೆಯ ಸಂಗತಿ ಸಿಕ್ಕಿತು. ಆ ಅಜ್ಜ ನೆನಪಾದರು.

ಈ ಚಿಟ್ಟೆ ಥೈಮ್ ಎಂಬ ಪರಿಮಳದ ಗಿಡದ ಮೊಗ್ಗಿನ ಮೇಲೆ ಮೊಟ್ಟೆ ಇಡುತ್ತದೆ. ಹುಳ ಎರಡು ಮೂರು ವಾರ ಹೂ ತಿಂದು ನೆಲಕ್ಕೆ ಬೀಳುತ್ತದೆ. ಒಂದು ಜಾತಿಯ ಕೆಂಪಿರುವೆ ಅದನ್ನು ತನ್ನದೇ ಮರಿಯೆಂದು ತಿಳಿದು ಗೂಡಿಗೆ ಹೊತ್ತೊಯ್ಯುತ್ತದೆ! ವಾಸನೆಯಲ್ಲೂ ಸದ್ದಿನಲ್ಲೂ ಮೋಸ. ಒಳಗೆ ಸುಮಾರು ಹತ್ತು ತಿಂಗಳು ಇರುವೆಯ ಮರಿಗಳನ್ನೇ ತಿಂದು ಬೆಳೆದು, ಬೇಸಿಗೆಯಲ್ಲಿ ಚಿಟ್ಟೆಯಾಗಿ ಹೊರಬರುತ್ತದೆ.

ಆದರೆ ಆ ಇರುವೆಗೆ ಬೆಚ್ಚಗಿನ ಮಣ್ಣು ಬೇಕು. ಇಂಗ್ಲೆಂಡಿನ ಚಳಿಯಲ್ಲಿ ಮಣ್ಣು ಬೆಚ್ಚಗಿರಬೇಕಾದರೆ ಹುಲ್ಲು ಗಿಡ್ಡವಿರಬೇಕು, ಅಂದರೆ ಕುರಿಯೋ ಮೊಲವೋ ಮೇಯುತ್ತಿರಬೇಕು. 1950ರ ದಶಕದಲ್ಲಿ ಮಿಕ್ಸೊಮಟೋಸಿಸ್ ರೋಗದಿಂದ ಮೊಲಗಳು ಸತ್ತವು. ಗುಡ್ಡಗಳಲ್ಲಿ ಕುರಿ ಮೇಯಿಸುವುದೂ ಕಡಿಮೆಯಾಯಿತು. ಹುಲ್ಲು ಬೆಳೆಯಿತು, ಮಣ್ಣು ತಣ್ಣಗಾಯಿತು, ಆ ಇರುವೆ ಹೋಗಿ ಬೇರೆ ಇರುವೆ ಬಂತು. ಚಿಟ್ಟೆ ಹಿಡಿಯುವವರನ್ನು ತಡೆಯಲು ಹಾಕಿದ ಬೇಲಿಯೂ ಮೇಯುವ ಪ್ರಾಣಿಗಳನ್ನು ದೂರವಿಟ್ಟಿತು. 1972ರಿಂದ ಜೆರೆಮಿ ಥಾಮಸ್ ಎಂಬ ವಿಜ್ಞಾನಿ ಇದನ್ನೆಲ್ಲ ಕೂತು ನೋಡಿ ಕಂಡುಹಿಡಿದರು. ಅಷ್ಟರಲ್ಲಿ ತಡವಾಗಿತ್ತು. 1979ರಲ್ಲಿ ಅಲ್ಲಿಯ ಕೊನೆಯ ಚಿಟ್ಟೆಗಳೂ ಹೋದವು.

ಆಮೇಲೆ ಹುಲ್ಲುಗಾವಲನ್ನು ಸರಿಮಾಡಿ, ಮತ್ತೆ ಮೇಯಲು ಬಿಟ್ಟು, 1983ರಿಂದ ಸ್ವೀಡನ್ನಿನ ಚಿಟ್ಟೆಯ ಸಂತತಿ ತಂದು ಬಿಟ್ಟರು. ರಾಡ್‌ಬರೋ ಕಾಮನ್ ಎಂಬಲ್ಲಿ 2019ರಲ್ಲಿ ಸುಮಾರು 1,100 ಹುಳ ಬಿಟ್ಟರೆ, ಮರುವರ್ಷ 750ರಷ್ಟು ಚಿಟ್ಟೆ ಹಾರಿದವಂತೆ.

ನಮ್ಮ ಪದವಿಗೆ ಈ ಲೆಕ್ಕ ಹಾಗೇ ಹೊಂದುವುದಿಲ್ಲ, ಗೊತ್ತು. ಇಲ್ಲಿ ಮಣ್ಣು ತಣ್ಣಗಾಗುವ ಚಿಂತೆಯೇ ಇಲ್ಲ! ಆದರೂ ಮಳೆಗಾಲದಲ್ಲಿ ಪದವು ತುಂಬ ಅರಳುತ್ತಿದ್ದ, ಮಕ್ಕಳು ಓಣಂ ಪೂಕಳಕ್ಕೆ ಕೊಯ್ಯುತ್ತಿದ್ದ ನೀಲಿ ಕಾಕ್ಕಪ್ಪೂ ಅಕೇಶಿಯಾದ ಅಡಿಯಲ್ಲಿ ಒಂದೂ ಇಲ್ಲ. ಅಲ್ಲಿರುವುದು ದಪ್ಪ ತರಗೆಲೆ ಮಾತ್ರ. ಹೂವಿಲ್ಲದಲ್ಲಿ ಚಿಟ್ಟೆಯನ್ನು ಎಲ್ಲಿಂದ ತೋರಿಸಲಿ?

ನಾವು ನೆಡದೆ ಬಿಟ್ಟ ಒಂದು ತುಂಡು ಪದವು ಇನ್ನೂ ಉಳಿದಿದೆ. ಈ ಸಲ ಬಂದ ಸಸಿಗಳನ್ನು ಕಂಪೌಂಡಿನ ಬದಿಯಲ್ಲಿ ನೆಟ್ಟು, ಆ ತುಂಡಿನಲ್ಲಿ ತಾನಾಗಿ ಹುಟ್ಟಿದ್ದ ಅಕೇಶಿಯಾ ಸಸಿಗಳನ್ನು ಕೀಳಿಸಿದೆ. "ಪರಿಸರ ದಿನಕ್ಕೆ ಗಿಡ ಕೀಳುವುದಾ ಮಾಷ್ಟ್ರೇ?" ಎಂದು ಐದನೆಯ ತರಗತಿಯ ಹುಡುಗ ಕೇಳಿದ. ನನ್ನ ಹಳೆಯ ಬೋರ್ಡಿನ ಕಥೆ ಹೇಳಬೇಕಾಯಿತು.

ಬೇಲಿಯನ್ನೂ ತೆಗೆಸಿದೆ. ಆದರೆ ಅಜ್ಜ ಈಗಿಲ್ಲ, ಅವರ ಮನೆಯ ಹಟ್ಟಿಯಲ್ಲಿ ಬೈಕು ನಿಲ್ಲಿಸುತ್ತಾರೆ. ಮೇಯಲು ದನಗಳೇ ಇಲ್ಲ. ಬೀಜ ಉದುರಿದ ಮೇಲೆ ಮುಳಿಹುಲ್ಲು ಕೊಯ್ಯಲು ಯಾರಾದರೂ ಬರುತ್ತಾರೋ ಎಂದು ಮುಂದಿನ ಪಿಟಿಎ ಸಭೆಯಲ್ಲಿ ಕೇಳಬೇಕು.