ತಿಂದ್ರೂ ಮಾಡ್ಕೊಡ್ತಾನೆ ಬುಡಿ

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ಬಸ್ಸು. ಕೆ.ಎಂ. ದೊಡ್ಡಿ ಇನ್ನೂ ಬಂದಿರಲಿಲ್ಲ. ಹಿಂದಿನ ಸೀಟಿನಿಂದ ಒಂದು ಮಾತು ಕಿವಿಗೆ ಬಿತ್ತು: "ತಿಂದ್ರೆ ತಿನ್ಲಿ ಬುಡಣ್ಣ, ಕೆಲ್ಸ ಮಾಡ್ಕೊಡ್ತಾನಲ್ಲ! ಮುಂಚೆ ಇದ್ನಲ್ಲ ಸತ್ಯಹರಿಶ್ಚಂದ್ರ, ಒಂದು ಪೋಡಿ ಮಾಡ್ಕೊಡಕ್ಕಾಗ್ನಿಲ್ಲ ಅವನ ಕೈಲಿ." ಸುತ್ತ ಕೂತವರೆಲ್ಲ ತಲೆದೂಗಿದರು. ಹಲ್ಲಿನ ಸಂದಿಗೆ ಸಿಕ್ಕ ಕಬ್ಬಿನ ನಾರಿನಂತೆ ಆ ಮಾತು ನನಗೆ ಇನ್ನೂ ಸಿಕ್ಕಿಕೊಂಡೇ ಇದೆ.

ಆ ಹರಿಶ್ಚಂದ್ರ ಯಾರೋ ಗೊತ್ತಿಲ್ಲ, ಆದರೆ ಅವರ ವಂಶ ನಮಗೆಲ್ಲ ಗೊತ್ತು. ಗೋಡೆಯ ಮೇಲೆ ಗಾಂಧಿ, ಗಾಂಧಿಯ ಕೆಳಗೆ ಮೇಜು, ಮೇಜಿನ ಮೇಲೆ ಕಡತ, ಕಡತದ ಅಂಚಿನಲ್ಲಿ 'ಪರಿಶೀಲಿಸಿ ಮಂಡಿಸಿ'. ಮಂಡಿಸಿದ ಮೇಲೆ ಮತ್ತೊಮ್ಮೆ 'ಪರಿಶೀಲಿಸಿ'. ಕಾಫಿ ಕೊಡಿಸಿದರೂ ಕುಡಿಯುವುದಿಲ್ಲ, ಸಹಿಯನ್ನೂ ಹಾಕುವುದಿಲ್ಲ. ಸಹಿ ಹಾಕದವನ ಮನೆಗೆ ಲೋಕಾಯುಕ್ತದವರು ಬೆಳಗಿನ ಜಾವ ಬಂದ ಉದಾಹರಣೆ ಇಲ್ಲವಲ್ಲ! ಇತ್ತ ರೈತನಿಗೆ ಬಸ್ ಚಾರ್ಜು, ಜೆರಾಕ್ಸು, ಕೂಲಿ ಹೋದ ದಿನ. ಎಲ್ಲ ಕೂಡಿಸಿದರೆ ಅದೂ ಒಂದು ಲಂಚವೇ, ಯಾರ ಜೇಬಿಗೂ ಹೋಗದ ಲಂಚ.

ಮಂಡ್ಯ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ದೇವರ ಪಟಗಳ ಸಾಲಿನಲ್ಲೇ ಒಂದು ಮೈಸೂರು ಪೇಟವೂ ಇರುತ್ತದೆ. ವಿಶ್ವೇಶ್ವರಯ್ಯನವರು ಸರ್ಕಾರಿ ಕೆಲಸಕ್ಕೆ ಒಂದು ಮೇಣದ ಬತ್ತಿ, ಸ್ವಂತಕ್ಕೆ ಇನ್ನೊಂದು ಹಚ್ಚಿಕೊಳ್ಳುತ್ತಿದ್ದ ಕತೆ ಶಾಲೆಯ ಮಕ್ಕಳಿಗೆಲ್ಲ ಬಾಯಿಪಾಠ. ಸಂತೋಷ. ಆದರೆ ಬರೀ ಮೇಣದ ಬತ್ತಿಯಿಂದ ಮಂಡ್ಯದ ಒಂದು ಗುಂಟೆಯೂ ನೆನೆಯುತ್ತಿರಲಿಲ್ಲ. 1911ರಲ್ಲಿ ಕನ್ನಂಬಾಡಿಯಲ್ಲಿ ಶುರುವಾದ ಕಟ್ಟೆಗೆ ಬೇಕಾದದ್ದು ಲೆಕ್ಕ: ಎಷ್ಟು ಮಳೆ, ಎಷ್ಟು ಗಾರೆ, ಗೇಟು ಎಷ್ಟಕ್ಕೆ ತಾನೇ ತೆರೆಯಬೇಕು. ಆಮೇಲೆ ದಿವಾನ್ ಮಿರ್ಜಾ ಇಸ್ಮಾಯಿಲ್ ಸಾಹೇಬರ ಕಾಲದಲ್ಲಿ ಹುಲಿಕೆರೆಯ ಬಳಿ ಗುಡ್ಡದ ಹೊಟ್ಟೆ ಸೀಳಿ ಸುರಂಗ ಮಾಡಿ ನಾಲೆ ತಂದರು. ಆ ನಾಲೆಗೆ ಮೊದಲು ಇರ್ವಿನ್ ಎಂಬ ವೈಸರಾಯರ ಹೆಸರಿತ್ತು, ನಂತರ ವಿಶ್ವೇಶ್ವರಯ್ಯನವರದಾಯಿತು. ಆ ನೀರನ್ನು ನಂಬಿಯೇ 1933ರಲ್ಲಿ ಸಕ್ಕರೆ ಕಂಪನಿ ಹುಟ್ಟಿತು, 1939ರಲ್ಲಿ ಜಿಲ್ಲೆಯೂ ಹುಟ್ಟಿತು. ನಾವು ಮಾತ್ರ ಮಕ್ಕಳಿಗೆ ಮೇಣದ ಬತ್ತಿ ಹೇಳಿಕೊಡುತ್ತೇವೆ, ಸುರಂಗ ಹೇಳಿಕೊಡುವುದಿಲ್ಲ.

ಹಾಗಾದರೆ ಬಸ್ಸಿನವರು ಹೇಳಿದ್ದೇ ಸರಿಯೇ? ನಾಲೆ ಅಂದಕೂಡಲೇ ನನಗೆ ನೀರಗಂಟಿ ನೆನಪಾಗುತ್ತಾನೆ.

ನಾಲೆ ಬರುವ ಮುಂಚಿನಿಂದಲೂ ಮದ್ದೂರು, ಮಳವಳ್ಳಿ ಕಡೆಯ ಕೆರೆಗಳ ತೂಬು ಇದ್ದದ್ದು ಅವನ ಕೈಯಲ್ಲಿ. ತೋಟಿ, ತಳವಾರರ ಜೊತೆ ಅವನೂ ಊರಿನ ನೌಕರ. ರಾತ್ರಿ ಕಂಬಳಿ ಹೊದ್ದು, ಗುದ್ದಲಿ ಹೆಗಲಿಗೇರಿಸಿ ಬದುವಿನ ಮೇಲೆ ಬರುತ್ತಾನೆ. ಗದ್ದೆಗೆ ಒಂದು ಕಾಲಿಡುತ್ತಾನೆ. ನೀರು ಕಾಲ್ಗಂಟಿಗೆ ಬಂತೇ? ಸಾಕು. ಎರಡು ಹೆಂಟೆ ಮಣ್ಣು ಎತ್ತಿ ಬಾಯಿ ಮುಚ್ಚಿ, ಮುಂದಿನದನ್ನು ಬಿಡುತ್ತಾನೆ. ಯಾವ ಗದ್ದೆ ಮರಳು, ಯಾವುದು ಜೇಡಿ, ಯಾವುದರಲ್ಲಿ ಏಡಿ ಬಿಲ ಕೊರೆದು ನೀರು ಸೋರುತ್ತದೆ, ಅವನಿಗೆ ಕತ್ತಲಲ್ಲೂ ಗೊತ್ತು. ಇದು ಕಸುಬು.

ಇನ್ನು ಪ್ರಾಮಾಣಿಕತೆ. ಬಹಳ ಊರುಗಳಲ್ಲಿ ನೀರಗಂಟಿ ದಲಿತ ಕೇರಿಯವನು, ದೊಡ್ಡ ಗದ್ದೆ ಪಟೇಲರದು. ಪಟೇಲರ ಮಡಿಯ ಬಾಯಿ ಮುಚ್ಚಿ ಕೊನೆಯವನ ಮಡಿಗೆ ನೀರು ಬಿಡಲು ಕಸುಬೊಂದೇ ಸಾಲದು, ಎದೆಯೂ ಬೇಕು. ಎಲ್ಲರಿಗೂ ಆ ಎದೆ ಇತ್ತೆನ್ನಲಾರೆ, ಪಟೇಲರಿಗೆ ಒಂದು ಗೇಣು ಹೆಚ್ಚು ನೀರು ಹೋಗದ ಊರನ್ನು ನಾನಂತೂ ಕೇಳಿಲ್ಲ. ಆದರೆ ಅವನಿಗೆ ಕೂಲಿ ಸಿಗುತ್ತಿದ್ದದ್ದು ಸುಗ್ಗಿಯಲ್ಲಿ, ಕಣದಲ್ಲಿ, ಭತ್ತದ ರೂಪದಲ್ಲಿ. ಕೊನೆಯ ಗದ್ದೆ ಒಣಗಿದರೆ ಆ ಕಣದಲ್ಲಿ ಅವನ ಮೊರವೂ ಖಾಲಿ. ನೀರು ಸಾಲದೆ ಹೋದದ್ದು ಕಳ್ಳತನದಿಂದಲೋ ದಡ್ಡತನದಿಂದಲೋ ಎಂದು ಯಾರೂ ವಿಚಾರಣಾ ಸಮಿತಿ ಕೂರಿಸುತ್ತಿರಲಿಲ್ಲ. ಎರಡಕ್ಕೂ ಒಂದೇ ಶಿಕ್ಷೆ. ಪೈರು ಬಾಡಿದ್ದು ಬೆಳಗಾಗುವಷ್ಟರಲ್ಲಿ ಊರಿಗೆಲ್ಲ ಕಾಣುತ್ತಿತ್ತು.

1961ರ ಕಾಯಿದೆ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ತೆಗೆಯಿತು. ತೆಗೆದದ್ದು ಸರಿ, ಹುಟ್ಟಿನಿಂದ ಬರುವ ನೌಕರಿ ನೌಕರಿಯಲ್ಲ, ಸಂಕೋಲೆ. ಆದರೆ ಕಣದ ಆ ಲೆಕ್ಕವೂ ಜೊತೆಗೇ ಹೋಯಿತು. ಈಗ ನಾಲೆಗೆ ಕಟ್ಟು ನೀರು, ಸರದಿಯ ಮೇಲೆ ಬಿಡುತ್ತಾರೆ. ಮೇಲಿನವರು ರಾತ್ರೋರಾತ್ರಿ ಪಂಪ್‌ಸೆಟ್ ಇಟ್ಟು ಎತ್ತಿಕೊಂಡರೆ ಮಳವಳ್ಳಿಯ ಕೊನೆ ಭಾಗದವರು ರಸ್ತೆಯಲ್ಲಿ ಕೂರುತ್ತಾರೆ. ನೀರು ಬಂದರೂ ಬಾರದಿದ್ದರೂ ಸಾಹೇಬರ ಸಂಬಳ ತಿಂಗಳ ಕೊನೆಗೆ ಬಂದೇ ಬರುತ್ತದೆ.

ಮನುಷ್ಯರ ಸಹವಾಸವೇ ಬೇಡ ಎಂದು ಒಮ್ಮೆ ಕಂದಾಯ ಕಚೇರಿಯಲ್ಲಿ ಯಂತ್ರವನ್ನೂ ಕೂರಿಸಿ ನೋಡಿದೆವು. ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ 'ಭೂಮಿ' ಬಂತು. ರಾಜೀವ್ ಚಾವ್ಲಾ ಎಂಬ ಅಧಿಕಾರಿ ಪಟ್ಟು ಹಿಡಿದು ರಾಜ್ಯದ ಪಹಣಿಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದರು. ಗ್ರಾಮಲೆಕ್ಕಿಗರ ಹಿಂದೆ ಸುತ್ತುತ್ತಿದ್ದವನು ಕಿಂಡಿಯಲ್ಲಿ 15 ರೂಪಾಯಿ ಕೊಟ್ಟು ಕಾಗದ ಹಿಡಿದು ಹೊರಬಂದ. ಅದೇ ದೊಡ್ಡ ಪವಾಡ. ಆದರೆ ಹಳೆಯ ಪುಸ್ತಕದ ತಪ್ಪುಗಳೂ ಹಾಗೇ ಕಂಪ್ಯೂಟರು ಹತ್ತಿದವು. ತಿದ್ದಿಸಬೇಕಾದರೆ, ಜಮೀನು ಭಾಗವಾಗಿ ಪೋಡಿಯಾಗಬೇಕಾದರೆ ಮತ್ತೆ ಒಬ್ಬ ಮನುಷ್ಯ ಸರಪಳಿ ಹಿಡಿದು ಹೊಲಕ್ಕೆ ಬರಬೇಕು. ಬಸ್ಸಿನ ಮಾತು ಹುಟ್ಟಿದ್ದೇ ಅಲ್ಲಿ.

ಆ ಮಾತಿನಲ್ಲಿ ಒಂದು ಮೋಸವಿದೆ. ತಿಂದೂ ಮಾಡಿಕೊಡುವವನು ಯಾರಿಗೆ ಮಾಡಿಕೊಡುತ್ತಾನೆ? ಕೊಟ್ಟವನಿಗೆ. ಕೊಡಲಾಗದವನ ಕಡತ ಅಡಿಗೆ ಹೋದದ್ದರಿಂದಲೇ ಇವರ ಕಡತ ಮೇಲೆ ಬಂದದ್ದು. ಅವನ ಜಾಣತನವೆಲ್ಲ ಮೇಲಿನ ಗದ್ದೆಯವರಿಗೆ. ಕೆಳಗಿನವನ ಪಾಲಿಗೆ ಅವನೂ ಆ ಹರಿಶ್ಚಂದ್ರನೂ ಒಂದೇ, ಇಬ್ಬರ ಕಾಲದಲ್ಲೂ ಗದ್ದೆ ಒಣಗಿದ್ದೇ. ಸಕ್ಕರೆ ಕಾರ್ಖಾನೆ ವರ್ಷಗಟ್ಟಲೆ ನಿಂತಿದ್ದಾಗಲೂ ನಾವು ಯಾರು ಎಷ್ಟು ತಿಂದರು ಎಂದೇ ಮಾತಾಡಿದೆವು, ಬಾಯ್ಲರು ಯಾರಿಗೆ ಗೊತ್ತು ಎಂದು ಕೇಳಿದವರು ಕಡಿಮೆ. ಎರಡನ್ನೂ ಒಟ್ಟಿಗೆ ಕೇಳುವುದು ದುರಾಸೆ ಎಂದು ನಮಗೆ ಹೇಗೋ ಅನ್ನಿಸಿಬಿಟ್ಟಿದೆ.

ಎರಡೂ ಇದ್ದವರು ಬರುವುದೇ ಇಲ್ಲ ಎಂದಲ್ಲ. ಬರುತ್ತಾರೆ. ಕನ್ನಂಬಾಡಿ ಕಟ್ಟೆ 124.80 ಅಡಿ ಮುಟ್ಟಿದರೆ ಬಾಗಿನದ ಫೋಟೋ ಪತ್ರಿಕೆಯ ಮುಖಪುಟದಲ್ಲಿ. ಕೊನೆಯ ಗದ್ದೆಗೆ ನೀರು ಮುಟ್ಟಿಸಿದವನಿಗೆ ವರ್ಗಾವಣೆಯ ಆರ್ಡರು, ಅದು ಮಾತ್ರ ಎಲ್ಲೂ ಸೋರದೆ ಟೈಮಿಗೆ ಸರಿಯಾಗಿ ತಲುಪುತ್ತದೆ.